ಹತ್ತು ಕತೆಗೆ ಒಂದೇ ಫೋಟೋ

ಅವತ್ತು ಕ್ಯಾಮೆರಾ ಮುಂದೆ ಕೂತಾಗ ಮಿಸ್ ಒಂಚೂರು ನಕ್ಕಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ನಗಬೇಡಿ ಎಂದವನು ಸ್ಟುಡಿಯೋದವನೇ.

"ಜನ ನಂಬಿ ಮಕ್ಕಳನ್ನ ಬಿಟ್ಟು ಹೋಗೋ ಜಾಗ ಮೇಡಂ. ಮುಖದಲ್ಲಿ ಜವಾಬ್ದಾರಿ ಕಾಣ್ಬೇಕು. ಹಲ್ಲು ಕಂಡ್ರೆ ಜವಾಬ್ದಾರಿ ಕಾಣಲ್ಲ" ಎಂದು ಒಂದು ದೀಪವನ್ನು ನೆಲದ ಮೇಲಿಟ್ಟು, ಇನ್ನೊಂದನ್ನು ಆರಿಸಿ, "ಗದ್ದ ಇಳಿಸಿ, ಕಣ್ಣೆತ್ತಿ, ಉಸಿರು ಬಿಗಿಹಿಡೀರಿ" ಎಂದು ಕ್ಲಿಕ್ಕಿಸಿದ್ದ. ನಗುಮುಖ ಶಿಶುವಿಹಾರದ ಹೊಸ ಬೋರ್ಡಿಗೆಂದು ತೆಗೆಸಿದ ಫೋಟೋ ಅದು. ಕಿಟಕಿಯಷ್ಟು ದೊಡ್ಡದು ಮಾಡಿ ಕೈಗಿತ್ತಾಗ ಮಿಸ್ ತನ್ನ ಮುಖಕ್ಕೆ ತಾನೇ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಸೊಸೆಯನ್ನು ಬಾವಿಗೆ ತಳ್ಳಿ ಬಂದು, ಕೈ ತೊಳೆದುಕೊಂಡು ಊಟಕ್ಕೆ ಕೂತವಳ ಮುಖ. "ಇದು ಬೇಡಪ್ಪ, ಬಿಸಾಕಿ" ಎಂದು ಎದ್ದು ಬಂದಿದ್ದಳು. ಬೋರ್ಡಿಗೆ ಕಡೆಗೆ ಒಂದು ಮೊಲದ ಚಿತ್ರ ಬರೆಸಿದ್ದಾಯಿತು.

ಅದು ಹೋದ ವರ್ಷದ ಮಾತು. ಬಿಸಾಕಿ ಎಂದದ್ದನ್ನು ಬಿಸಾಕದೆ ಇಟ್ಟುಕೊಳ್ಳುವ ಜನ ಲೋಕದಲ್ಲಿದ್ದಾರೆ ಎಂಬುದು ಮಿಸ್ಸಿಗೆ ತಿಳಿದದ್ದು ಈ ಗುರುವಾರ ಬೆಳಿಗ್ಗೆ.

ಗುರುವಾರವೇ ಆಗಬೇಕಿತ್ತೆ? ಅವತ್ತು ಸಂಜೆ ನಾಲ್ಕಕ್ಕೆ ವಿಮಾ ಕಚೇರಿಯ ಹೊಸ ಅಧಿಕಾರಿ ಶಿಶುವಿಹಾರ ನೋಡಲು ಬರುವವರಿದ್ದರು. ಕಚೇರಿಯ ಹೆಂಗಸರ ಮಕ್ಕಳನ್ನೆಲ್ಲ ಒಂದೇ ಕಡೆ ಬಿಡಬೇಕೆಂದು ಅವರ ಯೋಚನೆ. ಒಂದೋ ಮಿಸ್ಸಿನ ನಗುಮುಖ, ಇಲ್ಲವೋ ದೊಡ್ಡ ರಸ್ತೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ, ಜಾರುಬಂಡೆ ನಿಲ್ಲಿಸಿಕೊಂಡ ಹೊಸ ಶಿಶುವಿಹಾರ. ಆ ಜಾರುಬಂಡೆ ಬಂದ ಮೇಲೆ ಮಿಸ್ಸಿನ ಮಕ್ಕಳು ಒಬ್ಬೊಬ್ಬರೇ ಅತ್ತ ಜಾರಿದ್ದರು. ಆಯಾಳನ್ನು ಬಿಡಿಸಿದ್ದಾಗಿತ್ತು. "ಇವರೂ ಬರ್ಲಿಲ್ಲ ಅಂದ್ರೆ ಬೋರ್ಡ್ ಇಳಿಸೋದೇ" ಎಂದು ಗಂಡ ಸಮಾಧಾನವಾಗಿಯೇ ಹೇಳಿದ್ದ. ಅವನು ಎಲ್ಲವನ್ನೂ ಸಮಾಧಾನವಾಗಿಯೇ ಹೇಳುತ್ತಾನೆ, ಮನೆಗೆ ಬೆಂಕಿ ಬಿದ್ದರೂ.

ಅಧಿಕಾರಿ ಫೋನಿನಲ್ಲಿ ಮಾತಾಡಿದ್ದರು. ಉಣ್ಣೆಯ ಕಾಲುಚೀಲದಷ್ಟು ಮೆತ್ತನೆಯ ದನಿ. "ಮಕ್ಕಳು ನಿಮ್ಮನ್ನ ನೋಡಿದ್ರೆ ಹೇಗಿರ್ತಾರೆ ಅಂತ ನೋಡ್ಬೇಕು, ಅಷ್ಟೇ ಮಿಸ್. ಗೋಡೆ, ಬಾಗಿಲು ಎಲ್ಲ ಯಾರ ಮನೇಲಿಲ್ಲ ಹೇಳಿ?"

ಮಕ್ಕಳು ತನ್ನನ್ನು ನೋಡಿದರೆ ಹೇಗಿರುತ್ತಾರೆ ಎಂಬುದರ ಬಗ್ಗೆ ಮಿಸ್ಸಿಗೆ ಚಿಂತೆಯೇ ಇರಲಿಲ್ಲ. ಅವಳು ಸೀನಿದರೂ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಅವಳ ಸೀನು ಬೀದಿಗೇ ಗೊತ್ತಿದ್ದ ಸೀನು: ಮೂರು ಸಲ ಒಂದೇ ಸಮನೆ, ಆಮೇಲೆ "ಅಯ್ಯಯ್ಯಮ್ಮಾ" ಎಂಬ ಒಂದು ಉದ್ದನೆಯ ರಾಗ. ಮಕ್ಕಳು ಅದಕ್ಕೆ ರೈಲು ಎಂದು ಹೆಸರಿಟ್ಟಿದ್ದವು. ಮೂರು ಕೂಗು, ಒಂದು ಸೀಟಿ.

ಬೆಳಿಗ್ಗೆ ಮೊದಲು ಬಂದದ್ದು ಬೆಣ್ಣೆ. ಮೂರು ವರ್ಷದ ಗುಂಡು ಹುಡುಗಿ. ಹುಟ್ಟಿದಾಗಿನಿಂದ ಹಾಗೇ ಕರೆಯುತ್ತಾರೆ. ಅಪ್ಪನ ಹೆಗಲ ಮೇಲಿಂದ ಮಿಸ್ಸನ್ನು ಕಂಡವಳೇ, ಕುಕ್ಕರು ಕೂಗಿದಂತೆ ಕೂಗಿದಳು.

"ಗೋಡೆ ಅಜ್ಜಿ! ಗೋಡೆ ಅಜ್ಜಿ ಇಳಿದು ಬಂದ್ಲು!"

ಅಪ್ಪನ ತಲೆಗೂದಲನ್ನು ಎರಡೂ ಕೈಯಲ್ಲಿ ಹಿಡಿದು, ಕುದುರೆ ತಿರುಗಿಸುವಂತೆ ಅವನನ್ನೇ ಗೇಟಿನ ಕಡೆ ತಿರುಗಿಸಿಬಿಟ್ಟಳು. ಹಿಂದೆಯೇ ಬಂದ ಅವಳಿ ಮಕ್ಕಳು ಅಮ್ಮನ ಹಿಂದೆ ಅವಿತುಕೊಂಡವು. ಅವುಗಳ ಹಿಂದೆ ಇನ್ನೊಬ್ಬ. ಅವನಿಗೆ ಏನೂ ಗೊತ್ತಿರಲಿಲ್ಲ, ಆದರೆ ಎಲ್ಲರೂ ಅಳುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಅತ್ತ.

"ಏನಾಯ್ತು ಇವಕ್ಕೆ?" ಎಂದಳು ಮಿಸ್.

ಅವಳಿಗಳ ಅಮ್ಮ ಮುಖ ಬಿಗಿದುಕೊಂಡಳು. "ಸೀರಿಯಲ್‌ನಲ್ಲಿ ಮಾಡೋ ಆಸೆ ಇದ್ರೆ ಮಾಡಿ ಮಿಸ್, ಯಾರು ಬೇಡ ಅಂದ್ರು? ಆದ್ರೆ ನಮಗೊಂದು ಮಾತು ಹೇಳಬಾರ್ದಾ?"

"ಯಾವ ಸೀರಿಯಲ್ಲು?"

"ಕರಿನೆರಳು ಕಥಾಮಾಲೆ. ರಾತ್ರಿ ಎಂಟಕ್ಕೆ. ನಿನ್ನೆ ನಿಮ್ಮ ಕಣ್ಣು ಕೆಂಪಗೆ ಹೊತ್ಕೊಳ್ತಲ್ಲ, ಇವೆರಡೂ ಹಾಸಿಗೆ ಒದ್ದೆ ಮಾಡಿದಾವೆ."

ಮಿಸ್ಸಿಗೆ ಅರ್ಧ ಅರ್ಥವಾಯಿತು. ಆ ಅರ್ಧಕ್ಕೇ ಸಿಟ್ಟು ನೆತ್ತಿಗೇರಿತು. "ಅಲ್ರೀ, ಮೂರು ವರ್ಷದ ಮಕ್ಕಳಿಗೆ ದೆವ್ವದ ಸೀರಿಯಲ್ ತೋರಿಸ್ತೀರಾ?"

"ಅವು ನೋಡಿಲ್ಲ ಮಿಸ್. ನಾವು ನೋಡ್ತಿದ್ವಿ. ಅವು ಅಲ್ಲೇ ಇದ್ವು."

ಅಷ್ಟರಲ್ಲಿ ಒಬ್ಬೊಬ್ಬರೇ ಮಕ್ಕಳನ್ನು ಎತ್ತಿಕೊಂಡು ಹೊರಟರು. "ಗೋಡೆಯಿಂದ ಇಳಿದ ಮೇಲೆ ಫೋನ್ ಮಾಡಿ ಮಿಸ್, ಕಳಿಸ್ತೀವಿ" ಎಂದ ಬೆಣ್ಣೆಯ ಅಪ್ಪ, ಕೆದರಿದ ತಲೆ ಸವರಿಕೊಳ್ಳುತ್ತ.

ಎದುರುಮನೆಯಾಕೆ ತನ್ನ ಗೇಟಿನಲ್ಲಿ ನಿಂತು ಎಲ್ಲ ನೋಡಿದ್ದಳು. ಅವಳಿಗೆ ಸೀರಿಯಲ್ಲು ಒಂದು ಉದ್ಯೋಗವಿದ್ದಂತೆ, ರಜೆ ಹಾಕುವವಳಲ್ಲ. ದಾಟಿ ಬಂದು ಮಿಸ್ಸಿನ ಕೈ ಹಿಡಿದುಕೊಂಡಳು.

"ಸೋಮವಾರದಿಂದ ನಿಮ್ಮನ್ನೇ ನೋಡ್ತಿದೀನಿ. ಸೋಮವಾರ ನೀವು ಸತ್ತ ಯಜಮಾನಿ. ಮಂಗಳವಾರ ಗಂಡನಿಗೆ ವಿಷ ಹಾಕಿದೋಳು. ನಿನ್ನೆ ಶಾಪ ಕೊಟ್ಟ ಅಜ್ಜಿ. ಎಷ್ಟು ಚೆನ್ನಾಗಿ ನೇತಾಡ್ತಿದ್ರಿ ಗೊತ್ತಾ!"

"ಸೋಮವಾರದಿಂದ ಗೊತ್ತಿತ್ತಾ? ನನಗೆ ಹೇಳಬಾರ್ದಾ?"

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ದೊಡ್ಡೋರಾಗ್ಬಿಟ್ರಿ, ನಮ್ಮಂಥೋರ ಹತ್ರ ಹೇಳ್ಕೊಳಲ್ಲ ಅಂತ ಬೇಜಾರೂ ಮಾಡ್ಕೊಂಡೆ."

ಒಳಗಿನಿಂದ ಅತ್ತೆ ಬಂದರು. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೂತು ನಿವೃತ್ತರಾದವರು; ಅಲ್ಲಿದ್ದ ಪುಸ್ತಕಗಳನ್ನು ಬೇರೆಯವರು ಒಯ್ಯುವ ಮೊದಲೇ ತಾವೇ ಓದಿ ಮುಗಿಸುತ್ತಿದ್ದರಂತೆ. ಎಂಟಕ್ಕೆಲ್ಲ ಮಲಗುವುದರಿಂದ ಸೀರಿಯಲ್ಲು ನೋಡಿರಲಿಲ್ಲ. ಈಗ ಎದುರುಮನೆಯಾಕೆಯ ಬಾಯಿಂದ ಮೂರೂ ಕತೆ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮೂಗಿನ ಹೊಳ್ಳೆ ಅರಳಿತು.

"ಇವೆಲ್ಲ ಹಳೇ ಕತೆಗಳು ಕಣೇ. ಒಂದೊಂದೂ ಚಿನ್ನದಂಥಾದ್ದು. ವಿಷದ ಕತೆಯಲ್ಲಿ ಇರೋದು ಒಂದು ಗಡಿಯಾರ. ಶಾಪದ ಕತೆಯಲ್ಲಿ ಇರೋದು ಒಂದು ಕೈಚೀಲ. ಫೋಟೋ ಎಲ್ಲಿಂದ ಬಂತು? ಮೂಲ ಕತೆಯಲ್ಲಿ ಫೋಟೋನೇ ಇಲ್ಲ!"

"ಅತ್ತೆ, ಅದು ನನ್ನ ಫೋಟೋ!"

"ಯಾರದಾದ್ರೆ ಏನು? ಇಲ್ಲ ಅಂದ್ರೆ ಇಲ್ಲ!"

ಮಿಸ್ ಗಂಡನಿಗೆ ಫೋನು ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡು, ಸಮಾಧಾನವಾಗಿ, "ಫೋಟೋ ಚೆನ್ನಾಗಿ ಬಂದಿದ್ಯಂತಾ?" ಎಂದ. ಮಿಸ್ ಫೋನಿಟ್ಟು ಚಪ್ಪಲಿ ಮೆಟ್ಟಿದಳು. ಅತ್ತೆಯೂ ಕೊಡೆ ತೆಗೆದುಕೊಂಡರು. ಒಬ್ಬಳಿಗೆ ತನ್ನ ಮುಖ ಉಳಿಸಿಕೊಳ್ಳಬೇಕಿತ್ತು, ಇನ್ನೊಬ್ಬರಿಗೆ ಕತೆಯ ಮಾನ.

ಸ್ಟುಡಿಯೋದವನು ಇಬ್ಬರನ್ನೂ ಕಂಡು ಹಲ್ಲು ಕಿಸಿದ. ಜವಾಬ್ದಾರಿ ಬೇಕಿರುವುದು ಗಿರಾಕಿಗಳಿಗೆ ಮಾತ್ರ.

"ನೋಡಿದ್ರಾ ಮೇಡಂ? ನನ್ನ ಲೈಟಿಂಗು ಟೀವಿಲಿ ಬರ್ತಿದೆ! ಗಂಭೀರವಾದ ಮುಖ ಇದ್ರೆ ಕೊಡಿ ಅಂತ ಬಂದಿದ್ರು. ಡ್ರಾಯರ್ ತೆಗೆದೆ, ಮೇಲೇ ನೀವಿದ್ರಿ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಮಗೆ? ಒಬ್ಬ ಮನುಷ್ಯರ ಮುಖ ರೀ ಅದು! ಹಳೇ ಪೇಪರ್ ಅಲ್ಲ, ಬೇಕಾದೋರು ಎತ್ಕೊಂಡು ಹೋಗೋಕೆ! ಮುಖ ಇಟ್ಕೊಂಡು ನಾನು ಬದುಕ್ಬೇಕು, ಗೊತ್ತಾ?"

"ನೀವೇ ಬಿಸಾಕಿ ಅಂದ್ರಲ್ಲ ಮೇಡಂ."

"ಬಿಸಾಕಿ ಅಂದೆ, ನೇತಾಕಿ ಅನ್ಲಿಲ್ಲ!"

ಮಿಸ್ ಹುಷಾರಿನ ಹೆಂಗಸು. ರಾತ್ರಿ ಗ್ಯಾಸು ಆರಿಸಿದ್ದೇನೆಯೇ ಎಂದು ಎರಡೆರಡು ಸಲ ಎದ್ದು ನೋಡುವವಳು. ಕಂಪ್ಯೂಟರಿನಲ್ಲಿದ್ದ ಆ ಫೋಟೋವನ್ನೂ ತನ್ನ ಕಣ್ಣೆದುರೇ ಅಳಿಸಿ ಹಾಕಿಸಿದಳು. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿಸಿದಳು. "ಇನ್ನು ನೀವು ಬೇಕು ಅಂದ್ರೂ ಸಿಗಲ್ಲ ಮೇಡಂ" ಎಂದು ಅವನು ನಿಟ್ಟುಸಿರುಬಿಟ್ಟ. ಶೂಟಿಂಗಿನ ಜಾಗವನ್ನೂ ಹೇಳಿದ.

ಅದು ಊರಾಚೆಯ ಒಂದು ಹಳೆಯ ಗೋದಾಮು. ಹೊರಗೆ ತುಕ್ಕು ಹಿಡಿದ ತಗಡು, ಒಳಗೆ ಅರಮನೆ. ಥರ್ಮೊಕೋಲಿನ ಕಂಬಗಳು, ಎಲ್ಲಿಗೂ ಹೋಗದ ಮೆಟ್ಟಿಲು, ಟೇಬಲ್ ಫ್ಯಾನಿನ ಗಾಳಿಗೆ ಹಾರುವ ಕರಿ ಪರದೆ. ಎದುರು ಗೋಡೆಯ ನಡುವೆ, ಬಾಗಿಲಗಲದ ಕಪ್ಪು ಚೌಕಟ್ಟಿನಲ್ಲಿ, ಊಟಕ್ಕೆ ಕೂತ ಮುಖ ಮಾಡಿಕೊಂಡು ಮಿಸ್.

ನಿರ್ದೇಶಕನಿಗೆ ತಲೆಗೆ ಟೋಪಿ, ಕುತ್ತಿಗೆಗೆ ಮಫ್ಲರ್, ಮೈಗೆ ಬೆವರು. ಅವನು ಒಮ್ಮೆ ಗೋಡೆ ನೋಡಿದ, ಒಮ್ಮೆ ಮಿಸ್ಸನ್ನು ನೋಡಿದ. ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಕೈಮುಗಿದ.

"ಅಯ್ಯೋ ಅಮ್ಮ! ನೀವಿನ್ನೂ ಇದೀರಾ?"

"ಇರದೆ ಏನು?" ಎಂದಳು ಮಿಸ್. "ನಾನು ಸತ್ತಿದೀನಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲಮ್ಮ. ಫೋಟೋ ನೋಡಿದ್ರೆ ಹಾಗನ್ನಿಸ್ತು."

ಆಮೇಲೆ ಮಿಸ್ ಮಾತಾಡಿದಳು. ಎಂಟು ವರ್ಷದಿಂದ ಬೀದಿಯ ಮಕ್ಕಳ ಮೂಗು ಒರೆಸಿ, ಊಟ ಮಾಡಿಸಿ, ಜೋ ಹಾಡಿ ಗಳಿಸಿದ ಹೆಸರು ಮೂರು ರಾತ್ರಿಯಲ್ಲಿ ಹೋಯಿತೆಂದಳು. ತಾನು ಯಾರಿಗೂ ವಿಷ ಹಾಕಿಲ್ಲವೆಂದಳು. ಸೋಮವಾರ ಯಾರದೋ ಹೆಂಡತಿಯಾದವಳು ಬುಧವಾರ ಅವನ ಅಜ್ಜಿ ಹೇಗಾಗುತ್ತಾಳೆ, ನಾಚಿಕೆಯಿಲ್ಲವೇ ಎಂದಳು. ದನಿ ಏರಿದಂತೆ ದೀಪ ಹಿಡಿದವರು, ಪರದೆ ಹಿಡಿದವರು ಎಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಅವರ ಸೀರಿಯಲ್ಲಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ.

"ಏನ್ ಮಾಡೋದಮ್ಮ, ಹತ್ತು ಕತೆ, ಇರೋದು ಒಂದೇ ಹಾಲ್ ಸೆಟ್ಟು" ಎಂದ ನಿರ್ದೇಶಕ. "ಹಾಲ್ ಒಂದೇ ಅಂದ್ಮೇಲೆ ಗೋಡೇನೂ ಒಂದೇ. ಗೋಡೆ ಒಂದೇ ಅಂದ್ಮೇಲೆ…"

"ಇವತ್ತು ಯಾವ ಕತೆ?" ಅತ್ತೆ ಕೊಡೆಯನ್ನು ನೆಲಕ್ಕೆ ಕುಟ್ಟಿದರು.

"ದೋಣಿ ಕತೆ ಅಜ್ಜಿ."

"ದೋಣಿ ಕತೆಯಾ? ಅದು ಶುರುವಿಂದ ಕೊನೇವರೆಗೂ ದೋಣಿಯಲ್ಲೇ ನಡೆಯುತ್ತೆ! ನಡುನೀರಲ್ಲಿ ಇಬ್ಬರೇ ಇಬ್ಬರು. ನೀರಿನ ಮೇಲೆ ಎಲ್ಲಿಯ ಗೋಡೆ?"

"ದೋಣಿಗೆ ಬಜೆಟ್ ಇಲ್ಲ ಅಜ್ಜಿ. ಹಾಲ್‌ನಲ್ಲಿ ಕೂತು ದೋಣೀನ ನೆನಪು ಮಾಡ್ಕೋತಾರೆ."

ಅತ್ತೆ ಅಲ್ಲೇ ಇದ್ದ ಶವಪೆಟ್ಟಿಗೆಯ ಮೇಲೆ ಕುಸಿದು ಕೂತರು. ಅದು ರಟ್ಟಿನದು, ಅವರೂ ಅದೂ ಒಟ್ಟಿಗೇ ಇನ್ನಷ್ಟು ಕುಸಿದರು.

ನಿರ್ದೇಶಕ ಕೆಟ್ಟವನಲ್ಲ. "ತೆಗೆದುಬಿಡ್ತೀನಮ್ಮ. ಆದ್ರೆ ಖಾಲಿ ಬಿಡೋಕಾಗಲ್ಲ, ನೋಡಿ" ಎಂದು ಚೌಕಟ್ಟನ್ನು ಒಂಚೂರು ಸರಿಸಿದ. ಹಿಂದೆ ಗೋಡೆಯಲ್ಲಿ ಆಳಗಲದ ಒಂದು ತೂತು. ಅದರಾಚೆ ಗೋದಾಮಿನ ಮೂಟೆಗಳೂ, ಒಣಹಾಕಿದ್ದ ಎರಡು ಬನಿಯನ್ನೂ ಕಾಣುತ್ತಿದ್ದವು. "ಕಣ್ಣು ಹೊತ್ಕೊಳ್ಳೋಕೆ ಹಿಂದಿನಿಂದ ಬಲ್ಬು ಹಿಡೀಬೇಕಲ್ಲ, ಅದಕ್ಕೇ ಕೊರೆದಿದ್ದು. ಇದೇ ಅಳತೇದು ಬೇರೆ ಫೋಟೋ ತಂದ್ಕೊಡಿ, ಈಗ್ಲೇ ಬದಲಾಯಿಸ್ತೀನಿ. ಮಧ್ಯಾಹ್ನ ತೆಗೀತೀವಿ, ರಾತ್ರಿ ಎಂಟಕ್ಕೆ ಹೋಗುತ್ತೆ. ನಮ್ದೆಲ್ಲ ಬಿಸಿಬಿಸಿ."

ಮಿಸ್ ಆಟೋ ಹಿಡಿದು ಮತ್ತೆ ಸ್ಟುಡಿಯೋಕ್ಕೆ ಓಡಿದಳು. ಅವನು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಶಟರ್ ಎಳೆಯುತ್ತಿದ್ದ. "ಪಕ್ಕದೂರಲ್ಲಿ ಮದುವೆ ಇದೆ ಮೇಡಂ, ಬೇಗ ಹೇಳಿ, ನಾಳೇವರೆಗೆ ಸಿಗಲ್ಲ ನಾನು."

ಡ್ರಾಯರಿನಲ್ಲಿ ಊರಿನ ಬೇಡವಾದ ಮುಖಗಳೆಲ್ಲ ಇದ್ದವು. ಎಲ್ಲರಿಗೂ ನೆಲದಿಂದ ದೀಪ, ಎಲ್ಲರಲ್ಲೂ ಜವಾಬ್ದಾರಿ. ಒಬ್ಬರು ದಿನಸಿ ಅಂಗಡಿಯವರು, ಬೇಡ. ಇನ್ನೊಬ್ಬಳು ಬೆಣ್ಣೆಯ ಸೋದರತ್ತೆ, ಖಂಡಿತ ಬೇಡ. ಕೆಳಗೊಂದು ದೊಡ್ಡ ಪ್ರಿಂಟು ಸಿಕ್ಕಿತು: ಅಗಲ ಹಣೆ, ಬಿಗಿದ ತುಟಿ, ಸೂಜಿಯಂಥ ಕಣ್ಣು. ಊಟಕ್ಕೆ ಕೂತವಳಲ್ಲ ಇವಳು. ಬಾವಿಯ ಹತ್ತಿರವೇ ನಿಂತು ಮುಂದಿನವಳನ್ನು ಕರೆಯುತ್ತಿದ್ದವಳು.

"ಇದು ಯಾರು?"

"ಯಾರೋ ಮೇಡಂ, ಊರಿಗೆ ಹೊಸಬರಂತೆ. ನಿಮ್ಮ ಹಾಗೇನೇ, ನೋಡಿ ಬೇಡ ಬಿಸಾಕಿ ಅಂದ್ರು. ಇಲ್ಲಿ ಯಾರಿಗೂ ಗುರುತಿಲ್ಲ."

ಮಿಸ್ಸಿನ ಕೈ ಒಂದು ಕ್ಷಣ ತಡೆದು ನಿಂತಿತು. ಬೆಳಿಗ್ಗೆ ತಾನೇ ಆಡಿದ್ದ ಮಾತು ಮುಳ್ಳಿನಂತೆ ಚುಚ್ಚಿತು. ಒಬ್ಬ ಮನುಷ್ಯರ ಮುಖ ರೀ ಅದು. ಆದರೆ ಗಡಿಯಾರ ನೋಡಿದಳು, ನಾಲ್ಕು ಗಂಟೆ ನೆನಪಾಯಿತು, ಫೋಟೋವನ್ನು ಕಂಕುಳಿಗೇರಿಸಿದಳು. ಗುರುತಿಲ್ಲದವರ ಮುಖವೆಂದರೆ ಅದು ಅಷ್ಟೊಂದು ಮುಖವಲ್ಲ ಎಂದು ಆ ಹೊತ್ತಿಗೆ ಅವಳಿಗೆ ತೋರಿತು. ನಮಗೆಲ್ಲ ಹಾಗೇ ತೋರುತ್ತದೆ.

ಗೋದಾಮಿನಲ್ಲಿ ಹೊಸ ಫೋಟೋ ಚೌಕಟ್ಟಿಗೆ ಏರಿತು. ಮಿಸ್ ತನ್ನದನ್ನು ತೆಗೆದುಕೊಂಡು ಎಲ್ಲರೆದುರು ನಡುವಿಗೇ ಹರಿದಳು, ಆ ಅರ್ಧಗಳನ್ನು ಮತ್ತೆ ಹರಿದಳು, ಕಣ್ಣು ಒಂದು ಕಡೆ ಮೂಗು ಒಂದು ಕಡೆಯಾಗುವ ತನಕ ಹರಿದಳು. ದೀಪದವರು ಚಪ್ಪಾಳೆ ಹೊಡೆದರು.

ಮನೆಗೆ ಬಂದು ಒಬ್ಬೊಬ್ಬರಿಗೂ ಫೋನು ಮಾಡಿದಳು. "ಇಳಿದೆ, ಇಳಿದೆ. ಇವತ್ತಿಂದ ಬೇರೆಯೋರು." ಹಳದಿ ಬಟ್ಟೆ ಉಟ್ಟು, ಗೇಟಿನಲ್ಲಿ ದವಡೆ ನೋಯುವಷ್ಟು ನಗುತ್ತ ನಿಂತಳು. ಬೆಣ್ಣೆ ದೂರದಿಂದ ಅನುಮಾನಿಸಿ ನೋಡಿದಳು. ಅಷ್ಟರಲ್ಲಿ, ಗೋದಾಮಿನ ಹೊಗೆಯೋ ಧೂಳೋ, ಮಿಸ್ಸಿಗೆ ಸೀನು ಬಂತು. ಮೂರು ಸಲ, ಆಮೇಲೆ "ಅಯ್ಯಯ್ಯಮ್ಮಾ!"

"ರೈಲು!" ಎಂದು ಬೆಣ್ಣೆ ಕೇಕೆ ಹಾಕಿ ಓಡಿ ಬಂದು ಅವಳ ಮೊಣಕಾಲು ಅಪ್ಪಿದಳು. ಗೋಡೆ ಅಜ್ಜಿ ಸೀನುವುದಿಲ್ಲ, ಸೀನುವುದು ಮಿಸ್. ಒಂದರ ಹಿಂದೊಂದು ಎಲ್ಲ ಮಕ್ಕಳೂ ಬಂದವು.

ಅದೇ ಹೊತ್ತಿಗೆ ಗೇಟಿನಲ್ಲಿ ಒಂದು ಕಾರು ನಿಂತಿತು. "ಎಷ್ಟು ಚೆಂದ ನೋಡೋಕೆ!" ಎಂದಿತು ಉಣ್ಣೆಯ ಕಾಲುಚೀಲದಂಥ ದನಿ. ಮಿಸ್ ನಗುತ್ತಲೇ ತಿರುಗಿದಳು.

ಅಗಲ ಹಣೆ. ಬಿಗಿದ ತುಟಿ. ಸೂಜಿಯಂಥ ಕಣ್ಣು.

ಮಿಸ್ಸಿನ ನಗು ಮುಖದ ಮೇಲೆ ಹಾಗೇ ಉಳಿಯಿತು, ಒಣಗಲು ಹಾಕಿ ಮರೆತುಹೋದ ಬಟ್ಟೆಯಂತೆ.

ಅಧಿಕಾರಿ ಒಳಗೆ ಬಂದರು. ಬೆಣ್ಣೆಯನ್ನು ಎತ್ತಿಕೊಂಡರು. ಮಿಸ್ಸಿಗೆ ಮತ್ತೆ ಸೀನು ಬಂದಾಗ ಮಕ್ಕಳ ಜೊತೆ ತಾವೂ "ರೈಲು!" ಎಂದು ಚಪ್ಪಾಳೆ ತಟ್ಟಿದರು. ಮುಖ ಮಾತ್ರ ಹಾಗಿತ್ತು, ಮನುಷ್ಯರು ಬಂಗಾರ.

"ನಿಮ್ಮ ವಿಷಯ ಆಫೀಸಲ್ಲಿ ಕೇಳ್ದೆ ಮಿಸ್" ಎಂದರು ಅವರು. "ಪಾಪ, ಕೇಳ್ದೆ ಹೇಳ್ದೆ ನಿಮ್ಮ ಫೋಟೋ ಹಾಕಿದಾರಂತೆ. ನಾವೆಲ್ಲ ಆ ಸೀರಿಯಲ್ ಬಿಡದೆ ನೋಡ್ತೀವಿ, ಅದಕ್ಕೇ ಇನ್ನೂ ಸಿಟ್ಟು ಬಂತು. ನನಗೆ ಯಾರಾದ್ರೂ ಹಾಗೆ ಮಾಡಿದ್ರೆ ಸುಮ್ಮನೆ ಬಿಡ್ತಿರಲಿಲ್ಲ. ನನ್ನ ಮುಖ ಮೊದ್ಲೇ ಹೀಗೆ. ನೋಡಿ, ಮೊನ್ನೆ ಒಂದು ಫೋಟೋ ತೆಗೆಸ್ದೆ, ನನಗೇ ಅಳು ಬಂತು. ಅದೇನಾದ್ರೂ ನಾಲ್ಕು ಜನ ನೋಡಿದ್ರೆ ನಾನು ಈ ಊರೇ ಬಿಟ್ಟು ಹೋಗ್ತೀನಿ."

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಮಿಸ್ ಅವರ ಕಾಲು ತುಳಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ.

"ಸೋಮವಾರದಿಂದ ನಮ್ಮ ಮಕ್ಕಳನ್ನೆಲ್ಲ ಕಳಿಸ್ತೀವಿ" ಎಂದರು ಅಧಿಕಾರಿ. "ತಾಯಂದಿರಿಗೆ ಒಂದೇ ಭಯ. ಆ ಸೀರಿಯಲ್ಲಿಗೂ ನಿಮಗೂ ನಿಜವಾಗ್ಲೂ ಏನೂ ಸಂಬಂಧ ಇಲ್ಲ ತಾನೆ? ನಿಮ್ಮ ಬಾಯಲ್ಲಿ ಒಂದು ಮಾತು ಕೇಳಿದ್ರೆ ಸಾಕು ನನಗೆ."

"ಏನೂ ಇಲ್ಲ ಮೇಡಂ. ಖಂಡಿತ ಇಲ್ಲ. ಆ ಕಡೆ ತಲೆ ಹಾಕಿಯೂ ಮಲಗಲ್ಲ ನಾನು."

ಕಾರು ತಿರುವಿನಲ್ಲಿ ಮರೆಯಾದದ್ದೇ, ಮಕ್ಕಳನ್ನು ಅತ್ತೆಗೂ ಎದುರುಮನೆಯಾಕೆಗೂ ಒಪ್ಪಿಸಿ, ಮಿಸ್ ಗೋದಾಮಿಗೆ ಹಾರಿದಳು.

"ಆ ಫೋಟೋ ತೆಗೀರಿ! ನನ್ನದೇ ಹಾಕಿ!"

ನಿರ್ದೇಶಕ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಿಮ್ಮದನ್ನ ನೀವೇ ಹರಿದಿರಲ್ಲಮ್ಮ."

ಸ್ಟುಡಿಯೋದವನ ಫೋನು ಮದುವೆಯ ಗದ್ದಲದಲ್ಲಿ ಬಡಿದುಕೊಂಡು ನಿಂತಿತು. ಅವನು ಎತ್ತಿದ್ದರೂ ಏನು? ಬುಟ್ಟಿ ಖಾಲಿ ಮಾಡಿಸಿದವಳು ತಾನೇ. ಆ ಅಳತೆಯ ಇನ್ನೊಂದು ಫೋಟೋ, ಶಟರ್ ಎಳೆದ ಸ್ಟುಡಿಯೋ ಬಿಟ್ಟರೆ, ಊರಲ್ಲಿ ಬೇರೆಲ್ಲಿದೆ? ಮಿಸ್ ನಿಂತಲ್ಲೇ ಅತ್ತಳು. ಬೆಳಿಗ್ಗೆ ಸಿಂಹದಂತೆ ಬಂದವಳು ಸಂಜೆ ಹೀಗೆ ಅಳುವುದನ್ನು ನೋಡಿ ನಿರ್ದೇಶಕನಿಗೂ ಕರುಳು ಚುರ್ರೆಂದಿತು.

"ಒಂದು ಕೆಲಸ ಮಾಡ್ಬಹುದು. ಮಧ್ಯಾಹ್ನ ತೆಗೆದ ದೂರದ ಶಾಟಲ್ಲೆಲ್ಲ ಹೊಗೆ, ಯಾರ ಮುಖಾನೂ ಗೊತ್ತಾಗಲ್ಲ. ಹತ್ತಿರದ್ದು ಇರೋದು ಒಂದೇ. ಅದನ್ನ ಮತ್ತೆ ತೆಗೆದು ಅಂಟಿಸ್ಬಹುದು. ಆದ್ರೆ ಫೋಟೋ ಇಲ್ಲ…" ಅವನು ಗೋಡೆಯ ತೂತನ್ನು ನೋಡಿದ, ಮಿಸ್ಸನ್ನು ನೋಡಿದ. "ನೀವೇ ಹಿಂದೆ ನಿಂತ್ಕೊಂಬಿಡಿ."

"ನಾನಾ? ನನ್ನ ಗುರುತು ಹಿಡಿದ್ರೆ?"

"ಬೂದಿ ಬಣ್ಣದ ಪೌಡರ್ ಬಳೀತೀವಿ, ಕರಿ ಶಾಲು ಹೊದಿಸ್ತೀವಿ. ಹೆತ್ತಮ್ಮ ಬಂದ್ರೂ ಗುರುತು ಸಿಗಲ್ಲ. ರೆಪ್ಪೆ ಬಡೀಬೇಡಿ, ಉಸಿರಾಡಬೇಡಿ. ಹತ್ತೆಣಿಸೋದ್ರಲ್ಲಿ ಮುಗಿಯುತ್ತೆ."

ಬೇರೆ ದಾರಿಯೇನಿತ್ತು? ಮಿಸ್ ಮೂಟೆಗಳ ನಡುವೆ ಸ್ಟೂಲು ಹತ್ತಿದಳು, ಬನಿಯನ್ನು ಸರಿಸಿದಳು, ಪೌಡರ್ ಬಳಿದ ಮುಖವನ್ನು ಚೌಕಟ್ಟಿಗಿಟ್ಟಳು. ಗದ್ದ ಇಳಿಸಿ, ಕಣ್ಣೆತ್ತಿ, ಉಸಿರು ಬಿಗಿಹಿಡಿದಳು. ಕ್ಯಾಮೆರಾ ಹತ್ತಿರ ಬಂತು. ಕೆಳಗಿನಿಂದ ಹೊಗೆ ಬಿಟ್ಟರು.

ಹೊಗೆ ಮೂಗಿಗೆ ಹೋಯಿತು.

ಮೂರು ಸಲ. ಒಂದೇ ಸಮನೆ. ಆಮೇಲೆ, ತಡೆದರೂ ನಿಲ್ಲದೆ, ಉದ್ದನೆಯ ರಾಗ.

ಪರದೆ ಹಿಡಿದಿದ್ದ ಗಟ್ಟಿಮುಟ್ಟಾದ ಗಂಡಸು ಎಚ್ಚರ ತಪ್ಪಿ ಬಿದ್ದ. ನಿರ್ದೇಶಕ ಮಾತ್ರ ಕಣ್ಣೀರು ಒರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ. "ಫೋಟೋ ಸೀನಿತು! ಇಷ್ಟು ವರ್ಷದಲ್ಲಿ ಇಂಥಾ ಶಾಟ್ ತೆಗೆದಿರಲಿಲ್ಲಮ್ಮ!"

"ಅದನ್ನ ಹಾಕಬೇಡಿ! ಇನ್ನೊಂದು ಸಲ ನಿಲ್ತೀನಿ, ಉಸಿರೇ ಆಡಲ್ಲ!"

"ಆಯ್ತಮ್ಮ, ಆಯ್ತು" ಎಂದ ಅವನು, ಮತ್ತೊಮ್ಮೆ ತೆಗೆದ. ಈ ಸಲ ಅವಳು ಕಲ್ಲಿನಂತೆ ನಿಂತಳು. ಅಧಿಕಾರಿಯ ಫೋಟೋವನ್ನು ಕೇಳಿ ಪಡೆದು, ಪೇಪರಿನಲ್ಲಿ ಸುತ್ತಿಕೊಂಡು, ಅಂತೂ ಮರ್ಯಾದೆ ಉಳಿಯಿತೆಂದು ಮನೆಗೆ ಬಂದಳು.

ಎಂಟಕ್ಕೆ ಟೀವಿ ಹಾಕಿದರು. ಅತ್ತೆ ನಿದ್ದೆ ಬಿಟ್ಟು ಕೂತಿದ್ದರು. ಹಾಲ್‌ನಲ್ಲಿ ಇಬ್ಬರು ಕೂತು ದೋಣಿಯನ್ನು ನೆನಪು ಮಾಡಿಕೊಂಡರು. ಹೊಗೆ ಎದ್ದಿತು. ಕ್ಯಾಮೆರಾ ಗೋಡೆಯ ಹತ್ತಿರ ಹೋಯಿತು, ಇನ್ನೂ ಹತ್ತಿರ ಹೋಯಿತು. ಬೂದಿ ಬಣ್ಣದ ಮುಖ, ಕರಿ ಶಾಲು. ಯಾರೆಂದು ಗುರುತೇ ಸಿಗದು. ಮಿಸ್ ಹಿಡಿದಿದ್ದ ಉಸಿರು ಬಿಟ್ಟಳು.

ಟೀವಿಯಲ್ಲಿ ಫೋಟೋ ಸೀನಿತು. ಮೂರು ಸಲ. "ಅಯ್ಯಯ್ಯಮ್ಮಾ!"

ಬೀದಿಯ ಒಂದು ಮನೆಯಲ್ಲಿ ಬೆಣ್ಣೆ ಕಿರುಚಿದಳು. "ರೈಲು" ಎಂದು ಮಾತ್ರ ಕಿರುಚಲಿಲ್ಲ. ಇನ್ನೊಂದು ಮನೆಯಲ್ಲಿ ಅವಳಿಗಳು ಶುರುಮಾಡಿದವು. ಎದುರು ಗೇಟಿನಿಂದ, "ಇಳಿದೆ ಇಳಿದೆ ಅಂತ ನಮಗೆಲ್ಲ ಸುಳ್ಳು ಹೇಳಿದ್ರಾ? ಏನ್ ಸೀನಿದ್ರಿ ಮಿಸ್, ಜೀವ ಬಂದ ಹಾಗಿತ್ತು!" ಎಂಬ ಕೂಗು ಬಂತು.

ಆಮೇಲೆ ಫೋನು ಬಡಿದುಕೊಂಡಿತು. ಅದೇ ಮೆತ್ತನೆಯ ದನಿ. ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು ಅದರಲ್ಲಿ.

"ಈಗ ತಾನೇ ನೋಡ್ದೆ ಮಿಸ್. ಆಫೀಸಿನವರೆಲ್ಲ ಫೋನ್ ಮಾಡ್ತಿದಾರೆ. ನಮ್ಮ ಮಕ್ಕಳನ್ನ ಆ ಜಾರುಬಂಡೆ ಇರೋ ಕಡೆಗೇ ಕಳಿಸ್ತೀವಿ. ನನಗೆ ಬೇಜಾರಾಗಿದ್ದು ನೀವು ಸೀರಿಯಲ್ ಮಾಡಿದ್ದಕ್ಕಲ್ಲ, ಮುಖ ನೋಡ್ಕೊಂಡು ಸುಳ್ಳು ಹೇಳಿದ್ದಕ್ಕೆ. ಫೋಟೋ ಯಾರೋ ಕದ್ದು ಹಾಕಿದ್ರು ಅಂದ್ರು, ನಂಬಿದೆ. ಸೀನನ್ನ ಯಾರು ಕದೀತಾರೆ ಹೇಳಿ?"

ಉತ್ತರ ಮಿಸ್ಸಿನ ನಾಲಿಗೆಯ ತುದಿಯಲ್ಲೇ ಇತ್ತು. ನಿಮಗೋಸ್ಕರ ಮೇಡಂ, ನಿಮ್ಮ ಮುಖ ಉಳಿಸೋಕೆ ಮೇಡಂ. ಹೇಳಿದರೆ, ತಮ್ಮ ಫೋಟೋ ಆ ಗೋಡೆಗೆ ಹೋದದ್ದು ಹೇಗೆ ಎಂದು ಅವರು ಕೇಳುತ್ತಾರೆ. ಆ ಕಡೆ ಫೋನು ಇಟ್ಟ ಸದ್ದಾಯಿತು.

ಮೇಜಿನ ಮೇಲೆ ಪೇಪರು ಬಿಚ್ಚಿಕೊಂಡು ಅಗಲ ಹಣೆಯ ಮುಖ ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು, ತುಂಬ ಜವಾಬ್ದಾರಿಯಿಂದ. ಎತ್ತಿ ಬಿಸಾಕೋಣವೆಂದುಕೊಂಡಳು. ಬಿಸಾಕಿದ್ದು ಎಲ್ಲಿ ಹೋಗಿ ಮುಟ್ಟುತ್ತದೆ ಎಂಬುದು ಈಗ ಗೊತ್ತಿತ್ತಾದ್ದರಿಂದ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಗಂಡ ಸಮಾಧಾನವಾಗಿ ಏಣಿ ಹುಡುಕುತ್ತಿದ್ದ, ಬೋರ್ಡ್ ಇಳಿಸಲು.

ಅತ್ತೆ ಮಾತ್ರ ಟೀವಿಯ ಮುಂದಿನಿಂದ ಏಳಲಿಲ್ಲ. ತಲೆ ಆಡಿಸುತ್ತ ಕೂತಿದ್ದು, ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟರು.

"ಏನೇ ಹೇಳು, ಮೂಲ ಕತೆಯಲ್ಲಿ ಯಾರೂ ಸೀನೋದೇ ಇಲ್ಲ."